ಬ್ಯಾರನ್ನಿನ ಬಾಗಿಲು

ಆ ಬಾಗಿಲು ಹಾಕಬೇಡಿ ಕಣ್ರಪ್ಪ. ಚಳಿ ಬಂದ್ರೆ ಬರ್ಲಿ, ಕಂಬಳಿ ಹೊದ್ದುಕೊಳ್ಳಿ. ಈ ಮಾತು ಆಡುವಾಗ ಬಾಗಿಲು ಮುಚ್ಚಿದ್ರೆ ನನಗೆ ಉಸಿರು ಕಟ್ಟುತ್ತೆ. ನಗೋರು ಈಗ್ಲೇ ನಕ್ಕು ಮುಗಿಸಿ, ಆಮೇಲೆ ನಡುವೆ ಬಾಯಿ ಹಾಕಬೇಡಿ.

ಇದು ನಮ್ಮ ದೊಡ್ಡಮ್ಮನ ಮಗಳು ಸರ್ವಮಂಗಳಂಗೆ ಆಗಿದ್ದು. ಡಾಕ್ಟ್ರು ಅವಳು, ಗಾವಡಗೆರೆಯವಳು. ಹನಗೋಡಿನಿಂದಾಚೆ ಒಂದು ಕೊಪ್ಪಲು ಇದೆ, ಹೆಸರು ಬೇಡ. ಅಲ್ಲಿ ಬಡವರಿಗೆ ಅಂತ ಧರ್ಮಾಸ್ಪತ್ರೆ ಕಟ್ಟಿದ್ಲು. ನಾಳೆ ಆಸ್ಪತ್ರೆ ಶುರು ಅನ್ನೋ ದಿನ ಹುಣಸೂರಲ್ಲಿ ಔಷಧಿ ತಗೊಂಡು ಕೊನೇ ಬಸ್ಸಿಗೆ ಹನಗೋಡಲ್ಲಿ ಇಳಿದ್ಲು. ನನ್ನ ಲಗೇಜ್ ಆಟೋ ಅವತ್ತೇ ಕೆಟ್ಟು ನಿಂತಿತ್ತು, ಹಾಳಾದ್ದು. ಸರಿ, ಚೀಲ ಹೆಗಲಿಗೆ ಹಾಕ್ಕೊಂಡು ಮೊಬೈಲ್ ಬೆಳಕಲ್ಲಿ ನಡೆದೇ ಹೊರಟ್ಲು.

ಮಾಗಿ ಚಳಿ. ಹೊಳೆ ಕಡೆಯಿಂದ ಗಾಳಿ. ಚೀಲದೊಳಗೆ ಔಷಧಿ ಬಾಟ್ಲಿಗಳು ಕಿಣಿ ಕಿಣಿ ಅಂತಿದ್ವು. ಕೊಪ್ಪಲಿಗೆ ತಿರುಗೋ ಕಡೆ ಒಂದು ಆಲದಮರ. ಅದರ ಹತ್ರ ಬಂದಾಗ ಬೇರೆ ಒಂದು ಸದ್ದು... ಟಿಣ್... ಟಿಣ್... ಕಾದ ಕಬ್ಬಿಣ ಆರುವಾಗ ಬರುತ್ತಲ್ಲ, ಆ ಸದ್ದು. ಜತೆಗೆ ಬೆಂದ ಹೊಗೆಸೊಪ್ಪಿನ ಘಾಟು. ಸೊಪ್ಪು ಬೇಯಿಸೋ ಕಾಲ ಮುಗಿದು, ಬ್ಯಾರನ್ನುಗಳ ಒಲೆ ಎಲ್ಲ ಆರಿ ತಣ್ಣಗಾಗಿದ್ವು ಆಗ.

ಬಿಳಲಿನ ಪಕ್ಕ ಒಬ್ಬ ನಿಂತಿದ್ದ. ಎರಡೂ ಕೈಯನ್ನ ಟವೆಲ್ಲಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದ. ಟವೆಲ್ಲಿಂದ ಏನೋ ಕಪ್ಪಗೆ ತೊಟ್ಟಿಕ್ಕುತಿತ್ತು... ತಪ್... ತಪ್...

"ಅವ್ವಾ... ಬಾಗ್ಲು ತೆಗ್ದೈತಾ?" ಪಿಸುಮಾತು.

"ಆಸ್ಪತ್ರೆದಾ?"

"ಊಂ."

"ಕೈಗೆ ಏನಾಯ್ತು?"

"ಬಡ್ದೂ ಬಡ್ದೂ... ಇಂಗಾಯ್ತು."

ಬನ್ನಿ, ತೋರಿಸಿ ಅಂತ ಕರೆದ್ಲು. ಅವನು ಹಿಂದಕ್ಕೆ ಸರಿದ. ಸುಸ್ತಾಗಿದ್ಲು ಪಾಪ, ನಾಳೆಗೆ ನೂರೆಂಟು ಕೆಲಸ ತಲೇಲಿ. ಬೆಳಿಗ್ಗೆ ಬಾಗಿಲು ತೆಗೀತೀವಿ, ಬನ್ನಿ, ನಾನೇ ಕಟ್ಟು ಹಾಕ್ತೀನಿ ಅಂದ್ಲು.

"ತೆಗೀತೀರಾ... ದಿಟವಾ?"

"ದಿಟ."

ಚೀಲ ಜಾರ್ತು ಅಂತ ಹೆಗಲು ಸರಿ ಮಾಡ್ಕೊಂಡ್ಲು. ತಿರುಗಿ ನೋಡಿದ್ರೆ ಅಲ್ಲಿ ಯಾರೂ ಇಲ್ಲ. ಕಾಡಂಚಿನ ಗಿರಿಜನರ ಹಾಡಿಯವನಿರಬೇಕು, ನಾಚಿಕೊಂಡು ಹೋದ ಅಂದುಕೊಂಡು ನಡೆದ್ಲು.

ಈ ಆಸ್ಪತ್ರೆ ಹುಚ್ಚು ಅವಳಿಗೆ ಯಾಕೆ ಹಿಡೀತು ಅಂತ ಕೇಳಿ. ಮೈಸೂರಲ್ಲಿ ದೊಡ್ಡ ಆಸ್ಪತ್ರೇಲಿ ಚೆನ್ನಾಗೇ ಇದ್ಲು. ಒಂದು ಸಲ ಹಬ್ಬಕ್ಕೆ ಬಂದಿದ್ದಾಗ ಹೊಗೆಸೊಪ್ಪು ಕಟ್ಟೋ ಕೂಲಿ ಹೆಂಗಸಿಗೆ ಹೆರಿಗೆ ನೋವು ಬಂತು. ಹತ್ರ ಎಲ್ಲೂ ಡಾಕ್ಟ್ರಿಲ್ಲ. ನನ್ನ ಆಟೋದಲ್ಲೇ ಹುಣಸೂರಿಗೆ ಹೊರಟ್ವಿ. ಹಿಂದೆ ಇವಳ ತೊಡೆ ಮೇಲೆ ಆ ಹೆಂಗಸಿನ ತಲೆ. ರಕ್ತ ಹಲಗೆ ಸಂದಿನಿಂದ ರಸ್ತೆಗೆ ಸುರೀತು. ಅರ್ಧ ದಾರೀಲಿ ಸತ್ಲು. ಸರ್ವಮಂಗಳ ಕೈ ಕೆಂಪು ಮಾಡ್ಕೊಂಡು ಆ ತಲೆ ಹಿಡಿದೇ ಕೂತಿದ್ಲು, ಅಳಲೂ ಇಲ್ಲ. ಆಮೇಲೆ ಮೈಸೂರಿನ ಕೆಲಸ ಬಿಟ್ಟು ಬಂದ್ಲು.

ಜಾಗ ಕೊಟ್ಟೋನು ಚನ್ನಬಸವಣ್ಣ. ಅವಳಿಗೂ ನನಗೂ ಸೋದರಮಾವ. ಮಾವನ್ನ ಏಕವಚನದಲ್ಲಿ ಅಂತೀನಿ ಅಂತ ಬೇಜಾರು ಮಾಡ್ಕೋಬೇಡಿ, ಯಾಕೆ ಅಂತ ಗೊತ್ತಾದ ಮೇಲೆ ನೀವೂ ಹಂಗೇ ಅಂತೀರಿ. ಬಾಯಾರಿ ಬಂದೋರಿಗೆ ಮಜ್ಜಿಗೆ ಕೊಡೋಕೂ ಮೀನಮೇಷ ಎಣಿಸೋ ಆಸಾಮಿ ಅವನು. ಅಂಥೋನು, ತೋಟದಲ್ಲಿ ಪಾಳು ಬಿದ್ದಿರೋ ಹಳೇ ಬ್ಯಾರನ್ ತಗೋ ಮಗಳೇ, ಆಸ್ಪತ್ರೆ ಮಾಡು ಅಂದಾಗ ಊರೇ ಬೆರಗಾಯ್ತು.

ಬ್ಯಾರನ್ ಅಂದ್ರೆ ಹೊಗೆಸೊಪ್ಪು ಬೇಯಿಸೋ ಮನೆ. ಎರಡಾಳೆತ್ತರದ ಗೋಡೆ, ಮೇಲೆ ತಗಡು. ಒಳಗೆ ಬಿದಿರ ಗಳದ ಅಟ್ಟ, ಅದರ ಮೇಲೆ ಸೊಪ್ಪು ಕಟ್ಟಿದ ಕಡ್ಡಿಗಳನ್ನ ಸಾಲಾಗಿ ಇಡ್ತಾರೆ. ನೆಲದಲ್ಲಿ ಕಬ್ಬಿಣದ ಪೈಪು, ಹೊರಗಡೆ ಒಲೆ. ಒಲೆ ಉರಿದಂಗೆ ಪೈಪು ಕಾದು ಸೊಪ್ಪು ಬೇಯುತ್ತೆ. ಒಂದು ಸಲ ಬೆಂಕಿ ಹಾಕಿ ಬಾಗಿಲು ಮುಚ್ಚಿದ್ರೆ ಸೊಪ್ಪು ಹಳದಿಯಾಗಿ ಒಣಗೋವರೆಗೂ ತೆಗೆಯಂಗಿಲ್ಲ. ನಡುವೆ ತೆಗೆದ್ರೆ ಬಣ್ಣ ಕೆಟ್ಟು ಕಪ್ಪಾಗುತ್ತೆ. ಒಳಗಿನ ಕಾವು ನೋಡೋಕೆ ಗೋಡೇಲಿ ಅಂಗೈಯಷ್ಟು ಗಾಜು ಇರುತ್ತೆ, ಅದರ ಹಿಂದೆ ಥರ್ಮಾಮೀಟ್ರು. ಈ ಬಾಗಿಲಿನ ನೇಮ ನಮ್ಮ ಕಡೆ ಹಾಲು ಕುಡಿಯೋ ಮಗೂಗೂ ಗೊತ್ತು.

ಅಟ್ಟ ಬಿಚ್ಚಿದ್ರು, ಪೈಪು ಕಿತ್ತರು, ಒಲೆಗೆ ಸಿಮೆಂಟು ಬಡಿದ್ರು. ಕಂಬಿ ಹಾಕಿ ಕಿಟಕಿ ಇಟ್ಟು, ಸುಣ್ಣ ಹೊಡೆದು, ಮಂಚ ಹಾಕಿದ್ರು. ಗೋಡೆಯ ಆ ಗಾಜು, ಬಾಗಿಲು ಮಾತ್ರ ಹಳೇವೇ. ಬಾಗಿಲು ದಪ್ಪ ತಗಡಿಂದು. ವೆಲ್ಡಿಂಗ್ ಮಹೇಂದ್ರ ಅದಕ್ಕೆ ಹಸಿರು ಬಣ್ಣ ಬಳೀತಾ, ಮೇಡಂ, ಇದರೊಳಗೆ ಎತ್ತು ಕೂಡಿದ್ರಾ ಅಂತ ಕೇಳಿದ. ಮೊಣಕಾಲಿಂದ ಎದೆಮಟ್ಟದವರೆಗೂ ಒಳಮೈಯಲ್ಲಿ ಗುಳಿಗಳು. ಒಳಗಿಂದ ಗುದ್ದಿ ಗುದ್ದಿ ಹೊರಕ್ಕೆ ಉಬ್ಬಿದ ಗುಳಿಗಳು. ಎಷ್ಟು ಸಲ ಬಳಿದ್ರೂ ಆ ಜಾಗದಲ್ಲಿ ಬಣ್ಣ ಕಿತ್ತು ಬರ್ತಿತ್ತು.

ಮೊದಲ ದಿನ ಜಾತ್ರೆ ಜನ. ಹಾಡಿಯಿಂದ, ಕೊಪ್ಪಲುಗಳಿಂದ, ದೂರದ ಪಿರಿಯಾಪಟ್ಟಣದ ಕಡೆಯಿಂದಲೂ ಬಂದಿದ್ರು. ಸರ್ವಮಂಗಳ ಸಾಲಿನುದ್ದಕ್ಕೂ ಟವೆಲ್ ಸುತ್ತಿದ ಕೈ ಹುಡುಕಿದ್ಲು. ಅವನು ಬಂದಿರಲಿಲ್ಲ.

ರಾತ್ರಿ ಬಂದ.

ಯಾರ ಕಣ್ಣಿಗೂ ಬೀಳಲಿಲ್ಲ, ಸದ್ದು ಮಾತ್ರ. ಕಾಯಿಲೆಯೋರೆಲ್ಲ ಮಂಚದ ಮೇಲಿದ್ದಾರೆ. ನರ್ಸ್ ಆಶಾರಾಣಿ ಬಾಗಿಲಿಗೆ ಎದುರಾಗಿ ಕುರ್ಚೀಲಿ ಕೂತವಳೆ. ಬಾಗಿಲ ಹತ್ರ ನರಪಿಳ್ಳೆ ಇಲ್ಲ. ಧಡ್... ಧಡ್... ಧಡ್... ಆಮೇಲೆ ಸ್ವಲ್ಪ ಸುಮ್ಮನೆ... ಧಡ್. ತಗಡು ಹೊರಕ್ಕೆ ನಡುಗುತ್ತೆ. ಅಂದ್ರೆ ಬಡೀತಿರೋನು ಒಳಗಡೆನೇ ಅವನೆ, ಇವರ ಜತೇಲೇ.

ಅಂಥ ಚಳೀಲಿ ಎಲ್ರಿಗೂ ಬೆವರು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ತಿತ್ತಂತೆ, ನೀರು ನೀರು ಅಂತ ಒದ್ದಾಡಿದ್ರಂತೆ. ಬೆಳಗಾಗೆದ್ದು ನೋಡಿದ್ರೆ ಜ್ವರಕ್ಕೆ ಅಂತ ಮಲಗಿದ್ದ ಒಬ್ಬನ ಅಂಗೈ ತುಂಬ ಬೊಬ್ಬೆ, ಉಗುರು ಕಿತ್ತು ರಕ್ತ ಹೆಪ್ಪುಗಟ್ಟಿದೆ. ಅವನು ಮಂಚ ಬಿಟ್ಟು ಎದ್ದೇ ಇರಲಿಲ್ಲ ಅಂತ ಆಶಾರಾಣಿ ಆಣೆ ಮಾಡ್ತಾಳೆ. ಮರುರಾತ್ರಿ ಇನ್ನೊಬ್ಬಳಿಗೆ. ಅವಳ ಬೆರಳು ಮುರಿದೇ ಹೋಗಿತ್ತು.

ಜನ ಖಾಲಿಯಾದ್ರು. ಸರ್ವಮಂಗಳ ಗೋಗರೆದ್ಲು, ಬೈದ್ಲು, ನಾನೇ ನಿಮ್ಮ ಜತೆ ಇಲ್ಲೇ ಮಲಗ್ತೀನಿ ಅಂದ್ಲು. ಉಹೂಂ. ತುಂಬಿದ ಬಸುರಿ ಒಬ್ಬಳಿದ್ಲು, ನೋವು ಶುರುವಾಗಿತ್ತು. ಅವಳ ತಾಯಿ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಟೇಬಿಟ್ಲು. ಹುಣಸೂರಿನ ದಾರೀಲೇ, ಜಲ್ಲಿ ಮೇಲೆ, ಹೆರಿಗೆ ಆಯ್ತು. ಕೂಸು ಉಳೀಲಿಲ್ಲ. ಮತ್ತೆ ಅದೇ ದಾರಿ, ಅದೇ ರಕ್ತ. ಸುದ್ದಿ ಕೇಳಿ ಸರ್ವಮಂಗಳ ಖಾಲಿ ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ಲು. ಆಸ್ಪತ್ರೆ ಮುಚ್ಚಿದ್ರೆ ಇನ್ನೆಷ್ಟು ಜನ ಆ ರಸ್ತೇಲಿ ಸಾಯ್ತಾರೆ ಅನ್ನೋದು ಒಂದೇ ಅವಳ ಸಂಕಟ.

ಮಾರನೇ ದಿನ ಮಧ್ಯಾಹ್ನ ಚನ್ನಬಸವಣ್ಣನ ಹೆಂಡತಿ ಜಯಲಕ್ಷ್ಮಮ್ಮ ಬಂದ್ರು. ನಮ್ಮತ್ತೆ. ಕಿವಿ ತುಂಬ ಹತ್ತಿ ತುರುಕಿಕೊಂಡಿದ್ರು. ಅದು ಯಾವಾಗ್ಲೂ ಇರೋದೇ, ಅತ್ತೆಗೆ ಕಿವಿ ಸರಿಯಿಲ್ಲ ಅಂತ ನಾವೆಲ್ಲ ಸುಮ್ಮನಿದ್ವಿ. ಕಿವೀಲಿ ಒಂದು ಸದ್ದು ಸೇರಿಕೊಂಡಿದೆ, ತೆಗೆದುಹಾಕವ್ವ ಅಂದ್ರು. ಸರ್ವಮಂಗಳ ಬೆಳಕು ಬಿಟ್ಟು ನೋಡಿದ್ಲು, ಕಿವಿ ಚೆನ್ನಾಗೇ ಇತ್ತು. ಎಂಥ ಸದ್ದು ಅತ್ತೆ ಅಂತ ಕೇಳಿದ್ಲು. ಅತ್ತೆ ಬೆರಳು ಮಡಚಿ ಮೇಜಿನ ಮೇಲೆ ಕುಟ್ಟಿ ತೋರಿಸಿದ್ರು.

ಟಕ್... ಟಕ್... ಟಕ್... ಸ್ವಲ್ಪ ಸುಮ್ಮನೆ... ಟಕ್.

ಸರ್ವಮಂಗಳ ಹೋಗಿ ಕೋಣೆ ಬಾಗಿಲು ಮುಂದಕ್ಕೆಳೆದು ಬಂದ್ಲು. ಅತ್ತೆ ಎಲ್ಲ ಹೇಳಿದ್ರು, ಪಿಸುಗುಟ್ಟಿಕೊಂಡು, ತಲೆ ಎತ್ತದೆ.

ಈ ಬ್ಯಾರನ್ ಉರೀತಿದ್ದ ಕಾಲದಲ್ಲಿ ಚಿಕ್ಕಬೀರಯ್ಯ ಅಂತ ಒಬ್ಬ ಆಳು. ಅಟ್ಟ ಹತ್ತಿ ಕಡ್ಡಿ ಜೋಡಿಸೋದ್ರಲ್ಲಿ ಎತ್ತಿದ ಕೈ. ಆ ವರ್ಷ ಮೇಲಿನ ಗಳ ಸೀಳಿದೆ, ಹತ್ತಲ್ಲ ಯಜಮಾನ್ರೇ ಅಂದಿದ್ದಾನೆ. ಚನ್ನಬಸವಣ್ಣ ನಾಲ್ಕು ಜನರ ಮುಂದೆ ಎದುರು ಮಾತಾಡ್ತೀಯಾ ಅಂತ ಕೈಲಿದ್ದ ದೊಣ್ಣೇಲಿ ಹೊಡೆದ. ಮಿಕ್ಕ ಆಳುಗಳು ಹೆದರಿ ಜಾಗ ಬಿಟ್ಟರು. ಆಮೇಲೂ ಹೊಡೆದ, ಅಟ್ಟಕ್ಕೆ ಹತ್ತಿಸಿ ಕಡ್ಡಿ ತುಂಬಿಸಿ, ಅವನು ಇಳಿದು ಬೆನ್ನು ತಿರುಗಿಸಿದಾಗ ಹಿಂದಲೆಗೆ ಇನ್ನೊಂದು ಹಾಕಿದ. ಬೀರಯ್ಯ ಪೈಪಿನ ಮೇಲೆ ಮಕಾಡೆ ಬಿದ್ದ. ಅಲ್ಲಾಡಲಿಲ್ಲ. ಸತ್ತ ಅಂದುಕೊಂಡ ಇವನು. ಕುಡಿದು ಒಳಗೆ ಮಲಗಿದ್ದ ಅಂತ ಹೇಳಿದ್ರಾಯ್ತು ಅಂತ ಚಿಲಕ ಹಾಕಿ ಒಲೆಗೆ ಬೆಂಕಿ ಕೊಟ್ಟ.

ಸತ್ತಿರಲಿಲ್ಲ. ಕತ್ತಲಾದ ಮೇಲೆ ಬಡಿಯೋಕೆ ಶುರುಮಾಡಿದ.

ಬೀದಿಗೆಲ್ಲ ಕೇಳಿಸ್ತು. ಬ್ಯಾರನ್ ಉರೀತಿದೆ, ಬಾಗಿಲು ತೆಗೆಯಂಗಿಲ್ಲ. ಯಜಮಾನ ಗಾಜಲ್ಲಿ ಇಣುಕಿ, ಗಳ ಜಾರಿದೆ ಕಣ್ರಲಾ, ಏನಿಲ್ಲ ಹೋಗಿ ಅಂದ. ನಂಬಿದ್ರೋ, ನಂಬಿದಂಗೆ ಮಾಡಿದ್ರೋ, ಎಲ್ರೂ ಹೋಗಿ ಮಲಗಿದ್ರು. ಅವನು ಇಣುಕಿದಾಗ ಗಾಜಿನ ಆಚೆ ಬೀರಯ್ಯನ ಮುಖ ಇತ್ತು. ಅತ್ತೆ ಕಣ್ಣಾರೆ ನೋಡಿದ್ರು. ಓಡಿಹೋಗಿ ಚಿಲಕಕ್ಕೆ ಕೈ ಹಾಕಿದ್ರು. ಗಂಡ ಜುಟ್ಟು ಹಿಡಿದೆಳೆದು ಗೋಡೆಗೆ ಚಚ್ಚಿದ. "ತೆಗೆದ್ರೆ ಸೊಪ್ಪು ಕಪ್ಪಾಯ್ತದೆ" ಅಂದ. ಅಷ್ಟೇ ಅಂದಿದ್ದು ಅವನು.

ಬೆಳಗಿನ ಜಾವಕ್ಕೆ ಸದ್ದು ನಿಂತಿತು. ಆದರೂ ಬಾಗಿಲು ತೆಗೀಲಿಲ್ಲ, ಸೊಪ್ಪು ಬೇಯೋವರೆಗೂ. ಆಮೇಲೆ ಕುಡಿದು ಒಳಗೆ ಮಲಗಿದ್ದ ಅಂತ ಹೇಳಿ ಹೆಣ ಹೂಳಿಸಿದ. ಆ ವರ್ಷ ಅವನ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತಂತೆ. ಹರಾಜಿಗೆ ಬಂದೋರೆಲ್ಲ ಮುಟ್ಟಿ ಮುಟ್ಟಿ ಹೊಗಳಿದ್ರಂತೆ. ಥೂ.

ಸರ್ವಮಂಗಳ ಅವತ್ತೇ ಸಂಜೆ ಮಾವನ್ನ ಕರೆಸಿ ನೇರ ಕೇಳಿದ್ಲು. ಅವನು ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಜಾಗ ಇನ್ನೂ ನನ್ನ ಹೆಸರಲ್ಲೇ ಐತೆ ಅನ್ನೋದು ನೆನಪಿಸಿದ. "ನಿಂಗೆ ಆಸ್ಪತ್ರೆ ಬೇಕಾ, ಸತ್ತೋನು ಬೇಕಾ? ಒಂದ ಹೇಳು."

ರಸ್ತೇಲಿ ಸತ್ತ ಕೂಸು ಅವಳ ಕಣ್ಮುಂದೆ ಬಂತಂತೆ. ಆ ಹೊತ್ತು ತುಟಿ ಹೊಲಿದುಕೊಂಡು ಕೂತಿದ್ದಕ್ಕೆ ಅವಳು ಇವತ್ತಿಗೂ ತನ್ನನ್ನ ತಾನೇ ಬೈಕೊಳ್ತಾಳೆ.

ಅತ್ತೆ ಮನೆಗೆ ಹೋಗೋಕೆ ಒಪ್ಪಲಿಲ್ಲ. ಆಸ್ಪತ್ರೆ ಹಿಂದಿನ ಕೋಣೇಲಿ ಸರ್ವಮಂಗಳನ ಪಕ್ಕದಲ್ಲೇ ಮಲಗಿದ್ರು. ಆಶಾರಾಣಿ ಊರಿಗೆ ಹೋಗಿದ್ಲು, ವಾರ್ಡು ಖಾಲಿ. ಎಷ್ಟೋ ಹೊತ್ತಿಗೆ ಸರ್ವಮಂಗಳಂಗೆ ಎಚ್ಚರ ಆಯ್ತು. ಕರ್ರ್... ಕರ್ರ್... ಹಾರೆಕೋಲಿಂದ ಏನನ್ನೋ ಮೀಟೋ ಸದ್ದು. ಮಾವನೇ ಬಂದಿದ್ದ. ಆ ಗುಳಿಗಳಿರೋ ಬಾಗಿಲನ್ನೇ ಕಿತ್ತು ಹೊಳೆಗೆ ಹಾಕಿದ್ರೆ ಸಾಕ್ಷಿ ಇರಲ್ಲ ಅಂತ ಅವನ ಲೆಕ್ಕ. ಕೀಲು ಇದ್ದದ್ದು ಒಳಗಡೆಗೆ. ಒಳಗೆ ನಿಂತು ಮೀಟ್ತಿದ್ದ.

ಧಡಾರ್.

ಬಾಗಿಲು ತಾನೇ ಹಾಕಿಕೊಳ್ತು. ಟಕ್... ಹೊರಗಿನ ಚಿಲಕ ಬಿತ್ತು.

ಹಾರೆ ನೆಲಕ್ಕೆ ಬಿದ್ದು ಠಣ್ ಅಂತು. ಆಮೇಲೆ ಬಡಿತ. ಧಡ್... ಧಡ್... ಧಡ್... ಸುಮ್ಮನೆ... ಧಡ್. "ಮಂಗಳಾ... ಬಾಗ್ಲು ತೆಗಿಯೇ... ಸುಡ್ತೈತೆ ಕಣೇ..."

ಸರ್ವಮಂಗಳ ಬರಿಗಾಲಲ್ಲಿ ಓಡಿದ್ಲು. ದಾರೀಲಿ ಆ ಗಾಜು. ಮೊಬೈಲ್ ಬೆಳಕು ಹಿಡಿದು ಇಣುಕಿದ್ಲು. ಮಾವ ಬಾಗಿಲಿಗೆ ಕೈ ಬೀಸಿ ಬೀಸಿ ಗುದ್ದುತಾ ಇದ್ದ. ಅಂಗೈ ತೊಗಲು ಸುಲಿದು ಮಣಿಕಟ್ಟಿಂದ ಜೋತಾಡ್ತಿತ್ತು. ಗುದ್ದಿದ ಕಡೆಯೆಲ್ಲ ತಗಡು ಚರ್ರ್ ಅಂತಿತ್ತು. ಅವನ ಬೆನ್ನ ಹಿಂದೆ, ಮೊದಲನೇ ಮಂಚದ ಮೇಲೆ, ಒಬ್ಬ ಸುಮ್ಮನೆ ಕೂತಿದ್ದ... ಟವೆಲ್ ಸುತ್ತಿದ ಕೈ ತೊಡೆ ಮೇಲಿಟ್ಟುಕೊಂಡು... ಸರದಿಗೆ ಕಾಯೋರ ಥರ.

ಬಾಗಿಲಿಗೆ ಬಂದ್ರೆ ಅಲ್ಲಿ ಅತ್ತೆ. ಯಾವಾಗ ಎದ್ದು ಬಂದಿದ್ರೋ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ರು, ಸೀರೆ ಹೊಗೆಯಾಡ್ತಿತ್ತು. ಕಿವಿಯ ಹತ್ತಿ ತೆಗೆದು ಕೈಲಿ ಹಿಡಿದಿದ್ರು. ಮುಖದಲ್ಲಿ ಸಿಟ್ಟಿಲ್ಲ, ಭಯ ಇಲ್ಲ.

"ಈಗ ತೆಗೀಬಾರ್ದು ಕಣವ್ವ," ಅಂದ್ರು ಮೆಲ್ಲಗೆ. "ತೆಗೆದ್ರೆ ಸೊಪ್ಪು ಕಪ್ಪಾಯ್ತದೆ."

ಸರ್ವಮಂಗಳ ನಿಂತ್ಲು.

ಎಷ್ಟು ಹೊತ್ತು ನಿಂತಿದ್ಲು ಅಂತ ನಾನು ಎಷ್ಟೋ ಸಲ ಕೇಳಿದ್ದೀನಿ. ಹೇಳಲ್ಲ. ಮಾತು ತಿರುಗಿಸ್ತಾಳೆ. ಬಾಗಿಲ ಆಚೆ ಮಾವ ಹೆಸರು ಹಿಡಿದು ಕೂಗ್ತಿದ್ದ, ಆಮೇಲೆ ಬರೀ ಕೂಗ್ತಿದ್ದ, ಆಮೇಲೆ ಉಗುರಿನ ಸದ್ದು ಮಾತ್ರ... ಪರ್ರ್... ಪರ್ರ್... ಅವನು ಸತ್ತರೆ ಸಾಯ್ಲಿ ಅನ್ನಿಸ್ತು ಅಂತ ಒಂದೇ ಒಂದು ಸಲ ಬಾಯಿ ಬಿಟ್ಟವಳೆ.

ಕೊನೆಗೆ ತೆಗೆದ್ಲು. ಡಾಕ್ಟ್ರಲ್ವಾ, ಇನ್ನೇನು ಮಾಡ್ತಾಳೆ. ಅತ್ತೆಯನ್ನ ಪಕ್ಕಕ್ಕೆ ತಳ್ಳಿ ಬರಿಗೈಲಿ ಚಿಲಕ ಎಳೆದ್ಲು. ಚಿಲಕಕ್ಕೆ ಅಂಗೈ ಅಂಟಿಕೊಳ್ತು, ಕಿತ್ತುಕೊಂಡು ಎಳೆದ್ಲು. ಒಳಗಿಂದ ಒಲೆ ಬಾಯಿ ತೆಗೆದಂಗೆ ಝಳ ಬಂತು. ಮಾವ ಅವಳ ಕಾಲ ಮೇಲೆ ಬಿದ್ದ. ಬೆರಳಲ್ಲಿ ಮಾಂಸ ಇರಲಿಲ್ಲ. ತುಟಿ ಒಡೆದು ಹಲ್ಲು ಕಾಣ್ತಿದ್ವು, ಕಣ್ಣು ಒಣಗಿ ಗುಳಿ ಬಿದ್ದಿತ್ತು. ಸುಟ್ಟ ಕೈಯಲ್ಲೇ ಅವಳು ಅವನ ಕೈಗೆ ಕಟ್ಟು ಹಾಕಿದ್ಲು, ನೀರು ಬಿಟ್ಲು. ನೀರು ಒಳಕ್ಕೆ ಇಳೀಲಿಲ್ಲ. ಬೆಳಕು ಹರಿಯೋಕೆ ಮುಂಚೆ ಅವಳ ತೊಡೆ ಮೇಲೇ ಸತ್ತ.

ಹುಣಸೂರಿಗೆ ಹೆಣ ತಗೊಂಡು ಹೋಗಿದ್ದು ನಾನು. ಆರಡಿ ಆಳು, ಹೊಟ್ಟೆ ಇದ್ದೋನು. ನಾನೊಬ್ಬನೇ ಎತ್ತಿ ಆಟೋಗೆ ಹಾಕಿದೆ. ಒಣಗಿದ ಸೊಪ್ಪಿನ ಹೊರೆಯಷ್ಟು ಹಗುರ ಇದ್ದ. ಅಲ್ಲಿನ ಡಾಕ್ಟ್ರು ಹೆಣ ನೋಡಿ, ಯಾವ ಬೆಂಕೀಲಿ ಸಿಕ್ಕಿಕೊಂಡಿದ್ರು ಅಂತ ಕೇಳಿದ್ರು. ಬೆಂಕಿ ಎಲ್ಲಿತ್ತು? ಒಲೆಗೆ ಬಡಿದ ಸಿಮೆಂಟು ಹಂಗೇ ಇತ್ತು. ವಾರ್ಡಿನ ಪ್ಲಾಸ್ಟಿಕ್ ಬಕೀಟೂ ಕರಗಿರಲಿಲ್ಲ, ಅದರ ತುಂಬ ನೀರು ತಣ್ಣಗೆ ಇತ್ತು. ನಾನೇ ಕೈ ಅದ್ದಿ ನೋಡಿದ್ದೀನಿ.

ಸರ್ವಮಂಗಳ ಅವತ್ತೇ ಪೊಲೀಸರಿಗೆ ಎಲ್ಲ ಹೇಳಿದ್ಲು. ಅತ್ತೆಯೂ ಹೇಳಿದ್ರು. ಬೀರಯ್ಯನ ಗುಂಡಿ ಅಗೆದ್ರು, ಬುರುಡೆ ಹಿಂದೆ ಸೀಳಿತ್ತು. ಅವನ ತಂಗಿ ಬಂದು ಮೂಳೆ ತಗೊಂಡು ಹೋದ್ಲು. ಅತ್ತೆ ಕಿವಿಗೆ ಈಗ ಹತ್ತಿ ಇಡಲ್ಲ. ಜಾಗವನ್ನ ಆಸ್ಪತ್ರೆಗೆ ಬರೆದುಕೊಟ್ಟರು. ಬೋರ್ಡಿನ ಮೇಲೆ ಚಿಕ್ಕಬೀರಯ್ಯ ಧರ್ಮಾಸ್ಪತ್ರೆ ಅಂತಿದೆ, ಓದಿಕೊಂಡು ಬನ್ನಿ. ಆ ತಗಡಿನ ಬಾಗಿಲು ಕಿತ್ತ ಮೇಲೆ ಬೇರೆ ಬಾಗಿಲು ಇಟ್ಟಿಲ್ಲ. ನಾಯಿ ನುಗ್ಗದಂಗೆ ಮೊಣಕಾಲುದ್ದದ ಒಂದು ಗೇಟಿದೆ ಅಷ್ಟೇ. ಮಂಚ ಯಾವಾಗ್ಲೂ ತುಂಬಿರುತ್ತೆ, ರಾತ್ರಿ ಸದ್ದಿಲ್ಲ. ಸರ್ವಮಂಗಳನ ಅಂಗೈಲಿ ಚಿಲಕದ ಬರೆ ಅಡ್ಡಕ್ಕೆ ಹಂಗೇ ಇದೆ.

ಇನ್ನೊಂದು ಹೇಳಿಬಿಡ್ತೀನಿ, ಆಮೇಲೆ ಮಲಗಿ. ಆಸ್ಪತ್ರೆ ಮುಂದೆ ಕಾಯೋರಿಗೆ ಒಂದು ಕಲ್ಲುಬೆಂಚು ಇದೆ. ಬೆಳಿಗ್ಗೆ ಎಷ್ಟೇ ಜನ ಬರ್ಲಿ, ಗೇಟಿನ ಪಕ್ಕದ ಮೊದಲ ಜಾಗದಲ್ಲಿ ಯಾರೂ ಕೂರಲ್ಲ. ಸರ್ವಮಂಗಳ ಬಂದೋಳೇ ಅಲ್ಲಿ ಸುಟ್ಟಗಾಯದ ಮುಲಾಮು, ಒಂದು ಸುರುಳಿ ಬ್ಯಾಂಡೇಜು ಇಟ್ಟು, ಆಮೇಲೆ ಮಿಕ್ಕೋರನ್ನ ಕರೀತಾಳೆ. ಹೋದ ಮಾಗೀಲಿ, ಮಂಜು ಸುರೀತಿತ್ತು, ಕಲ್ಲೆಲ್ಲ ಮಂಜುಗಡ್ಡೆಯಂಗಿತ್ತು. ನಾನು ಬೇಕು ಅಂತಲೇ ಮೊದಲು ಹೋಗಿ ಆ ಜಾಗದ ಮೇಲೆ ಅಂಗೈ ಇಟ್ಟೆ.

ಬೆಚ್ಚಗಿತ್ತು ಕಣ್ರಪ್ಪ. ಆಗ ತಾನೇ ಯಾರೋ ಎದ್ದು ಒಳಗೆ ಹೋದಂಗೆ.